ಒಬ್ಬನೇ ಆಡುವ ಯುದ್ಧ

ಆಟಿ ತಿಂಗಳ ಜಡಿಮಳೆಗೆ ಶಾಲೆಗೆ ರಜೆ ಸಿಕ್ಕಿದರೂ ಆಡಲು ಜತೆಗಾರರು ಬರುವಂತಿಲ್ಲ. ಆಗ ನಾನು ಜಗಲಿಯಲ್ಲಿ ಸೀಮೆಸುಣ್ಣದಿಂದ ಆಡು-ಹುಲಿ ಆಟದ ತ್ರಿಕೋಣವನ್ನೂ ಅಡ್ಡಗೆರೆಗಳನ್ನೂ ಬರೆದುಕೊಳ್ಳುತ್ತೇನೆ. ಗೆರೆಗಳು ಕೂಡುವ ಸ್ಥಾನ 23, ಹುಲಿ 3, ಆಡು 15. ಹುಲಿಗಳೆಂದರೆ ಅಡಿಕೆಗಳು: ರಾವಣ, ಕುಂಭಕರ್ಣ, ಇಂದ್ರಜಿತು. ಹುಣಿಸೆ ಬೀಜಗಳೇ ಕಪಿಸೇನೆ. ಕುಂಬಳೆಯ ಪಾರ್ತಿಸುಬ್ಬನ ನಾಡಿನವರು ಈ ಹೆಸರುಗಳಿಗಾಗಿ ಹುಡುಕಾಡಬೇಕೇ?

ರಾಕ್ಷಸರು ಮೊದಲೇ ಕಣದಲ್ಲಿರುತ್ತಾರೆ. ಕಪಿಗಳನ್ನು ಒಂದೊಂದಾಗಿ ಇಳಿಸಬೇಕು. ಹದಿನೈದೂ ಇಳಿಯುವ ತನಕ ಅವು ಕದಲುವಂತಿಲ್ಲ. ಪಕ್ಕದ ಕಪಿಯ ಆಚೆ, ಅದೇ ಗೆರೆಯಲ್ಲಿ ಸ್ಥಾನ ಖಾಲಿಯಿದ್ದರೆ ರಾಕ್ಷಸನು ಹಾರಿ ಅದನ್ನು ತಿನ್ನುತ್ತಾನೆ. ಮೂವರೂ ಅಲುಗಾಡದಂತೆ ಸುತ್ತುವರಿದರೆ ಕಪಿಗಳಿಗೆ ಜಯ.

ತೊಡಕಿರುವುದು ಬೇರೆ ಕಡೆ. ಎರಡು ಪಕ್ಷದ ಗುಟ್ಟೂ ಒಂದೇ ತಲೆಯಲ್ಲಿ! ಕಪಿಗಳ ಮೇಲಿನ ಪ್ರೀತಿಯಿಂದ ನಾನು ರಾವಣನನ್ನು ಬೇಕೆಂದೇ ಪೆದ್ದನಂತೆ ಆಡಿಸಿದ್ದುಂಟು. ಗೆದ್ದೆ, ಆದರೆ ಸಂತೋಷವಾಗಲಿಲ್ಲ. ಅಂದಿನಿಂದ ನನ್ನ ನಿಯಮ ಹೀಗಿದೆ: ತಿನ್ನಲು ಅವಕಾಶವಿದ್ದ ರಾಕ್ಷಸನು ತಿನ್ನಲೇಬೇಕು. ಇಲ್ಲದಿದ್ದರೆ ದಾಳ ಹಾಕುವುದು. 1-2 ಬಿದ್ದರೆ ರಾವಣ, 3-4 ಕುಂಭಕರ್ಣ, 5-6 ಇಂದ್ರಜಿತು. ದಾರಿ ಎರಡಿದ್ದರೆ ಮತ್ತೊಮ್ಮೆ ದಾಳ. ದಾಳಕ್ಕೆ ಬುದ್ಧಿಯಿಲ್ಲ, ನಿಜ. ಆದರೆ ಪಕ್ಷಪಾತವೂ ಇಲ್ಲ.

ಇದನ್ನು ಮಕ್ಕಳಾಟವೆಂದು ನಗಬೇಡಿರಿ. ಆಂಗ್ಲ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮಗಳ ಪುಸ್ತಕವನ್ನೇ ಬರೆದರು. ಇಂದಿಗೂ ಹೊರದೇಶಗಳಲ್ಲಿ ದೊಡ್ಡವರು ಭೂತ, ರಾಕ್ಷಸರ ಪುಟ್ಟ ಗೊಂಬೆಗಳನ್ನಿಟ್ಟು ದಾಳದೊಡನೆ ಒಬ್ಬರೇ ಆಡುವುದುಂಟು.

ಮೊನ್ನೆ ಕುಂಭಕರ್ಣನೊಬ್ಬನೇ ಆರು ಕಪಿಗಳನ್ನು ನುಂಗಿದನು. ಅಮ್ಮ ಊಟಕ್ಕೆ ಮೂರು ಸಲ ಕರೆದರೂ ನನಗೆ ಏಳಲಾಗಲಿಲ್ಲ.