ಯಂತ್ರವು ಪಾಪನಿವೇದನೆ ಮಾಡಬಲ್ಲುದೇ?

ವಿಮೋಚನಾಕಾಂಡದ 21ನೆಯ ಅಧ್ಯಾಯದಲ್ಲಿ ಹಾಯುವ ಎತ್ತಿನ ಕುರಿತು ಒಂದು ಕಟ್ಟಳೆಯಿದೆ. ಎತ್ತು ಮನುಷ್ಯನನ್ನು ತಿವಿದು ಕೊಂದರೆ ಅದನ್ನು ಕೊಲ್ಲಬೇಕು, ಯಜಮಾನನು ನಿರಪರಾಧಿ. ಆದರೆ ಅದರ ಹಾಯುವ ಚಾಳಿಯ ಬಗ್ಗೆ ಮೊದಲೇ ಎಚ್ಚರಿಸಿದ್ದರೂ ಅವನು ಕಟ್ಟಿಹಾಕದೆ ಬಿಟ್ಟಿದ್ದರೆ ಅಪರಾಧ ಅವನದೂ ಹೌದು. ಈ ಪುರಾತನ ವಿವೇಕವು ಕೃತಕ ಬುದ್ಧಿಮತ್ತೆಯ ಕಾಲಕ್ಕೂ ಸಲ್ಲುತ್ತದೆ.

2022ರಲ್ಲಿ ಅಜ್ಜಿಯನ್ನು ಕಳೆದುಕೊಂಡ ಪ್ರಯಾಣಿಕರೊಬ್ಬರು ಏರ್ ಕೆನಡಾದ ಜಾಲತಾಣದಲ್ಲಿ ಶೋಕಸಂದರ್ಭದ ರಿಯಾಯಿತಿಯನ್ನು ವಿಚಾರಿಸಿದರು. ಟಿಕೆಟ್ ಕೊಂಡ ಬಳಿಕವೂ ಅರ್ಜಿ ಸಲ್ಲಿಸಬಹುದೆಂದು ಅಲ್ಲಿನ ಚಾಟ್‌ಬಾಟ್ ತಪ್ಪು ಮಾಹಿತಿ ನೀಡಿತು. ಸಂಸ್ಥೆಯು ಹಣ ನೀಡಲೊಪ್ಪದೆ, ಚಾಟ್‌ಬಾಟ್ ತನ್ನ ಮಾತಿಗೆ ತಾನೇ ಹೊಣೆ ಎಂಬಂತೆ ವಾದಿಸಿತು. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಆ ವಾದವನ್ನು ತಳ್ಳಿಹಾಕಿ, ಸುಮಾರು 812 ಕೆನಡಾ ಡಾಲರ್ ಪಾವತಿಸಲು ಸಂಸ್ಥೆಗೆ ಆದೇಶಿಸಿತು. ಮೊತ್ತ ಅಲ್ಪ, ತತ್ತ್ವ ಹಿರಿದು.

ಇದಕ್ಕೂ ಮುನ್ನ, 2017ರ ಫೆಬ್ರವರಿ 16ರಂದು ಐರೋಪ್ಯ ಸಂಸತ್ತು, ಸ್ವತಂತ್ರವಾಗಿ ವರ್ತಿಸಬಲ್ಲ ರೋಬೋಟುಗಳಿಗೆ ಮುಂದೊಮ್ಮೆ ‘ಎಲೆಕ್ಟ್ರಾನಿಕ್ ವ್ಯಕ್ತಿ’ ಎಂಬ ಸ್ಥಾನ ನೀಡುವ ಬಗ್ಗೆ ಪರಿಶೀಲಿಸುವಂತೆ ಸೂಚಿಸಿತ್ತು. ಮರುವರ್ಷ ಅನೇಕ ತಜ್ಞರು ಬಹಿರಂಗ ಪತ್ರದ ಮೂಲಕ ವಿರೋಧಿಸಿದರು. ಆ ಸೂಚನೆ ಕಾನೂನಾಗಲಿಲ್ಲ.

ಕಂಪನಿಗೂ ಕಾನೂನಿನಲ್ಲಿ ವ್ಯಕ್ತಿತ್ವವಿರುವಾಗ ರೋಬೋಟಿಗೇಕೆ ಬೇಡ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಕಂಪನಿಯ ಹಿಂದೆ ನಿರ್ಧರಿಸುವ ಮನುಷ್ಯರಿದ್ದಾರೆ, ಅದಕ್ಕೆ ಸ್ವಂತ ಆಸ್ತಿಯಿದೆ. ರೋಬೋಟಿಗೆ ದಂಡ ವಿಧಿಸಿದರೆ ನೋಯುವವರು ಯಾರು? ಆ ವ್ಯಕ್ತಿತ್ವವು ಕೊನೆಗೆ ತಯಾರಕರೂ ಮಾಲೀಕರೂ ಮರೆಯಾಗುವ ಪರದೆಯಾದೀತು.

ಅರಿವು ಮತ್ತು ಸ್ವತಂತ್ರ ಸಂಕಲ್ಪ ಎರಡರಿಂದಲೂ ಹೊಮ್ಮುವುದೇ ನಿಜವಾದ ಮಾನವ ಕೃತ್ಯವೆಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದರು. ಯಂತ್ರವು ಲೆಕ್ಕ ಹಾಕುತ್ತದೆ; ಪಶ್ಚಾತ್ತಾಪ ಪಡದು. 2025ರ ಜನವರಿ 28ರಂದು, ಆ ಸಂತರ ಹಬ್ಬದ ದಿನವೇ, ವ್ಯಾಟಿಕನ್ ಪ್ರಕಟಿಸಿದ ‘ಆಂಟಿಕ್ವಾ ಎತ್ ನೋವಾ’ ಎಂಬ ಟಿಪ್ಪಣಿಯೂ ನೈತಿಕ ಹೊಣೆಗಾರಿಕೆ ಮನುಷ್ಯನದೇ ಎಂದು ಸ್ಪಷ್ಟಪಡಿಸುತ್ತದೆ.

ಏದೆನ್ ತೋಟದಲ್ಲಿ ಆದಾಮನು ಏವಳತ್ತ ಬೆರಳು ತೋರಿದನು, ಏವಳು ಸರ್ಪದತ್ತ. ಇಂದು ನಮ್ಮ ಬೆರಳು ಯಂತ್ರದತ್ತ. ಯಂತ್ರ ಬರೆದುಕೊಟ್ಟ ಪಾಠವನ್ನು ತನ್ನದೆಂದು ಒಪ್ಪಿಸುವ ಮಗು, ಯಂತ್ರ ಸೃಷ್ಟಿಸಿದ ಸುಳ್ಳು ಚಿತ್ರವನ್ನು ಹತ್ತು ಜನರಿಗೆ ರವಾನಿಸುವ ತಂದೆ, ಇಬ್ಬರೂ ‘ಕಂಪ್ಯೂಟರ್ ಹೇಳಿತು’ ಎನ್ನುತ್ತಾರೆ. ಪ್ರಿಯರೇ, ಪಾಪನಿವೇದನೆಯ ಪೀಠದ ಮುಂದೆ ಈ ಉತ್ತರ ಸಾಲದು. ಅಲ್ಲಿ ಮೊಣಕಾಲೂರಬೇಕಾದವರು ನಾವೇ. ಕ್ಷಮೆ ದೊರೆಯುವುದೂ ನಮಗೇ.