ಇತಿಹಾಸ ಕಲಿಸುವವರ ಮೊದಲ ವರ್ಷ

ಬೇಸಿಗೆಯ ರಜೆ ಮುಗಿದು ಶಾಲೆಗಳು ತೆರೆಯುವ ಹೊತ್ತಿಗೆ ಮಾಗಡಿ ರಸ್ತೆಯ ಪುಸ್ತಕದ ಅಂಗಡಿಗಳ ಮುಂದೆ ತಂದೆತಾಯಿಗಳ ಸಾಲು ಬೆಳೆಯುತ್ತದೆ. ಮಕ್ಕಳ ಹೊಸ ವರ್ಷದ ಬಗ್ಗೆ ಇಷ್ಟೊಂದು ಚಿಂತಿಸುವ ನಾವು, ಅದೇ ದಿನ ಮೊಟ್ಟಮೊದಲ ಬಾರಿಗೆ ಸೀಮೆಸುಣ್ಣ ಹಿಡಿದು ತರಗತಿಯೊಳಗೆ ಕಾಲಿಡುವ ಯುವ ಉಪಾಧ್ಯಾಯರ ಬಗ್ಗೆ ಚಿಂತಿಸುವುದು ಅಪರೂಪ. ಅವರಲ್ಲಿಯೂ ಇತಿಹಾಸ ಬೋಧಿಸುವವರ ಪಾಡು ಬೇರೆ ತೆರನಾದುದು. ಈ ಲೆಕ್ಕ ನಮ್ಮವರ ಪರವೋ ವಿರೋಧವೋ ಎಂದು ಗಣಿತದ ಉಪಾಧ್ಯಾಯರನ್ನು ಯಾರೂ ಕೇಳುವುದಿಲ್ಲ. ಇತಿಹಾಸದವರನ್ನು ಕೇಳುತ್ತಾರೆ. ಕೇಳುವವರಲ್ಲಿ ನಮ್ಮ ಕಥೋಲಿಕ ಕುಟುಂಬಗಳೂ ಸೇರಿವೆ.

ಮೂಡಲಪಾಳ್ಯ, ವಿಜಯನಗರ, ನಾಗರಬಾವಿ ಸುತ್ತಿನ ಪ್ರೌಢಶಾಲೆಗಳಲ್ಲಿ 'ಇತಿಹಾಸದ ಉಪಾಧ್ಯಾಯರು' ಎಂಬುದು ರೂಢಿಯ ಮಾತು. ನೇಮಕವಾಗುವುದು ಸಮಾಜ ವಿಜ್ಞಾನಕ್ಕೆ. ರಾಜ್ಯ ಪಠ್ಯಕ್ರಮದಲ್ಲಿ ಆ ಒಂದು ಹೆಸರಿನೊಳಗೆ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂಬ ಆರು ವಿಷಯಗಳು ಅಡಗಿವೆ. ಜ್ಞಾನಭಾರತಿಯಲ್ಲಿ ಎರಡು ವರ್ಷ ಕುಳಿತು ಹೊಯ್ಸಳರ ಶಾಸನಗಳನ್ನು ಅಭ್ಯಾಸ ಮಾಡಿ ಬಂದ ಯುವಕನು ಬೆಳಿಗ್ಗೆ ಶಿಲಾಗೋಳವನ್ನೂ ಮಧ್ಯಾಹ್ನ ಬ್ಯಾಂಕ್ ವ್ಯವಹಾರವನ್ನೂ ಹೇಳಿಕೊಡಬೇಕಾಗುತ್ತದೆ. ಬಿ.ಎಡ್. ವ್ಯಾಸಂಗವು 2015ರಿಂದ ಎರಡು ವರ್ಷಗಳದ್ದಾಗಿದೆ, ತರಬೇತಿಗೇನೂ ಕೊರತೆಯಿಲ್ಲ. ಆದರೆ ಪಾಠಯೋಜನೆಯ ಪುಸ್ತಕದಲ್ಲಿ ಮಕ್ಕಳು ಸದಾ ನಿರೀಕ್ಷಿತ ಉತ್ತರವನ್ನೇ ಕೊಡುತ್ತಾರೆ. ತರಗತಿಯಲ್ಲಿ ಹಾಗಲ್ಲ. ಇಪ್ಪತ್ತಮೂರರ ಉಪಾಧ್ಯಾಯಿನಿಗೂ ಹದಿನೈದರ ವಿದ್ಯಾರ್ಥಿಗೂ ಅಕ್ಕ ತಮ್ಮಂದಿರ ಅಂತರ. ಆ ಅಂತರವನ್ನು ಹಿಂದಿನ ಬೆಂಚಿನವರು ಮೊದಲ ದಿನವೇ ಅಳೆದುಬಿಡುತ್ತಾರೆ. ಗದ್ದಲ, ಗಂಟಲುನೋವು, ರಾತ್ರಿ ಹನ್ನೊಂದರವರೆಗಿನ ಉತ್ತರಪತ್ರಿಕೆ, ಇವೆಲ್ಲ ಕಾಲಕ್ರಮದಲ್ಲಿ ಹಿಡಿತಕ್ಕೆ ಬರುವಂಥವು.

ಭಾನುವಾರದ ಬಲಿಪೂಜೆಯ ನಂತರ ಇಂಥ ಕೆಲವರು ನಮ್ಮೊಡನೆ ಮಾತಿಗೆ ನಿಲ್ಲುವುದುಂಟು. ಹಿಂದಿನ ವರ್ಷ ಈ ಭಾಗದ ಶಾಲೆಯೊಂದಕ್ಕೆ ಸೇರಿದ ಒಬ್ಬ ಯುವತಿ ಎಂಟನೆಯ ತರಗತಿಗೆ ತಮ್ಮ ಮೊದಲ ಪಾಠವನ್ನು ಪಠ್ಯಪುಸ್ತಕ ತೆರೆಯದೆಯೇ ಆರಂಭಿಸಿದ್ದರು. ಕಪ್ಪುಹಲಗೆಯ ಮೇಲೆ 'ಮೂಡಲಪಾಳ್ಯ' ಎಂದು ಬರೆದು, ಮೂಡಲ ಎಂದರೆ ಯಾವ ದಿಕ್ಕು ಎಂದು ಕೇಳಿದರು. ಪೂರ್ವ ಎಂದರು ಮಕ್ಕಳು. ನಮ್ಮ ಬಡಾವಣೆ ಬೆಂಗಳೂರಿನ ಯಾವ ದಿಕ್ಕಿಗಿದೆ? ಪಶ್ಚಿಮಕ್ಕೆ. ಪಶ್ಚಿಮದಲ್ಲಿರುವ ಊರಿಗೆ ಮೂಡಲ ಎಂದು ಹೆಸರಿಟ್ಟವರು ಎಲ್ಲಿ ನಿಂತು ನೋಡಿದರು? ಅಥವಾ ಅದು ದಿಕ್ಕಿನ ಹೆಸರೇ ಅಲ್ಲದೆ ಯಾರದಾದರೂ ವ್ಯಕ್ತಿಯ, ದೇವರ ಹೆಸರೋ? ಗಂಟೆ ಹೊಡೆಯುವವರೆಗೂ ಮಕ್ಕಳು ವಾದಿಸಿದರಂತೆ. ದರ್ಶನಶಾಸ್ತ್ರವನ್ನು ಹಲವು ವರ್ಷ ಓದಿದ ನಮಗೆ, ಯಾರು ಎಲ್ಲಿ ನಿಂತು ನೋಡಿದರು ಎಂಬ ಪ್ರಶ್ನೆಯನ್ನು ಇಷ್ಟು ಸುಲಭವಾಗಿ ಕೇಳಬಹುದೆಂದು ಹೊಳೆದಿರಲಿಲ್ಲ.

ಮರುದಿನ ಅವರು ಬೆಂಗಳೂರೆಂಬ ಹೆಸರಿನ ವಿಚಾರಕ್ಕೆ ಬಂದರು. ಹೊಯ್ಸಳ ವೀರಬಲ್ಲಾಳನು ಹಸಿದು ಬಂದಾಗ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರಾಯಿತು ಎಂಬ ಕಥೆ ಎಲ್ಲ ಮಕ್ಕಳಿಗೂ ಗೊತ್ತು. ಆದರೆ ಬೇಗೂರಿನ ದೇವಾಲಯದಲ್ಲಿರುವ, ಕ್ರಿ.ಶ. ಸುಮಾರು 890ರ ಶಾಸನದಲ್ಲಿ 'ಬೆಂಗಳೂರು ಕಾಳಗ'ದ ಉಲ್ಲೇಖವಿದೆ. ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಹಿಂದೆಯೇ ಆ ಹೆಸರು ಕಲ್ಲಿನ ಮೇಲಿತ್ತು. ಕೆಂಪೇಗೌಡರು ಪೇಟೆ ಕಟ್ಟಿದ 1537 ಎಷ್ಟೋ ಕಾಲದ ನಂತರದ್ದು. ಕಥೆ ಸೊಗಸಾಗಿದೆ, ಕಲ್ಲು ಬೇರೆಯದನ್ನೇ ಹೇಳುತ್ತದೆ. ಎರಡನ್ನೂ ಕಲಿಯೋಣ, ಯಾವುದು ಯಾವುದೆಂದು ಮರೆಯದಿರೋಣ ಎಂದರಂತೆ. ಮಕ್ಕಳಿಗೆ ತುಸು ಬೇಸರವಾಯಿತು. ಆ ಅಜ್ಜಿಯನ್ನು ಬಿಟ್ಟುಕೊಡಲು ಯಾರಿಗೆ ತಾನೆ ಮನಸ್ಸು ಬರುತ್ತದೆ!

ಇಲ್ಲಿಯವರೆಗೆ ಯಾವ ತಂದೆತಾಯಿಯೂ ದೂರಲಿಲ್ಲ. ಕಷ್ಟ ಎದುರಾದದ್ದು ಹತ್ತನೆಯ ತರಗತಿಯಲ್ಲಿ, ಮೈಸೂರು ಯುದ್ಧಗಳ ಪಾಠ ಬಂದಾಗ.

ಟಿಪ್ಪು ಸುಲ್ತಾನನ ಹೆಸರು ನಮ್ಮ ರಾಜ್ಯದಲ್ಲಿ ಕೇವಲ ಪಾಠದ ಹೆಸರಾಗಿ ಉಳಿದಿಲ್ಲ. ಸರ್ಕಾರವು 2015ರಲ್ಲಿ ಆತನ ಜಯಂತಿಯನ್ನು ಆರಂಭಿಸಿತು, 2019ರಲ್ಲಿ ಬೇರೊಂದು ಸರ್ಕಾರ ನಿಲ್ಲಿಸಿತು. 2022ರ ಪಠ್ಯಪುಸ್ತಕ ಪರಿಷ್ಕರಣೆ ಬೀದಿಯ ವಾದವಾಯಿತು. 2023ರಲ್ಲಿ ಮತ್ತೆ ಕೆಲವು ಪಾಠಗಳು ಬದಲಾದವು. ದೊಡ್ಡವರು ಹೀಗೆ ಎಳೆದಾಡುವ ಹಗ್ಗದ ನಡುವೆ ನಿಲ್ಲುವವರು, ಇನ್ನೂ ಕೆಲಸ ಖಾಯಂ ಆಗದ ಹೊಸ ಉಪಾಧ್ಯಾಯರು. ಆ ತರಗತಿಯಲ್ಲಿ ಮಂಗಳೂರು ಮೂಲದ ನಮ್ಮ ಹುಡುಗನೊಬ್ಬನಿದ್ದ. 1784ರಲ್ಲಿ ಕೆನರಾದ ಕಥೋಲಿಕರನ್ನು ಬಂಧಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದನ್ನೂ, ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರನ್ನೂ, 1799ರಲ್ಲಿ ಬಿಡುಗಡೆ ಹೊಂದಿ ಉಳಿದವರು ಹಿಂದಿರುಗಿದ್ದನ್ನೂ ಅವನು ಅಜ್ಜಿಯ ಬಾಯಿಂದ ಕೇಳಿ ಬೆಳೆದವನು. ಪಕ್ಕದ ಸಾಲಿನಲ್ಲಿ ಮುಸಲ್ಮಾನ ಹುಡುಗಿ. ಅವಳ ಮನೆಯಲ್ಲಿ ಟಿಪ್ಪು ಇಂಗ್ಲಿಷರೊಡನೆ ಹೋರಾಡಿ ಮಡಿದ ಹುತಾತ್ಮ. ಶಾಲೆಯ ಹಿರಿಯರ ಸಲಹೆ ಚುಟುಕಾಗಿತ್ತು: ಪುಸ್ತಕದಲ್ಲಿರುವುದನ್ನು ಓದಿ, ನೋಟ್ಸ್ ಬರೆಸಿ, ಮುಂದಕ್ಕೆ ಹೋಗಿ. ಎಸ್.ಎಸ್.ಎಲ್.ಸಿ. ಫಲಿತಾಂಶದ ದೃಷ್ಟಿಯಿಂದ ಅದು ತಪ್ಪು ಸಲಹೆಯೂ ಅಲ್ಲ.

ಪಾಠದ ಹಿಂದಿನ ಸಂಜೆ ಆಕೆ ನಮ್ಮಲ್ಲಿಗೆ ಬಂದು, "ಫಾದರ್, ನಾನೂ ಕ್ರೈಸ್ತಳು. ಸೆರೆಯ ಮಾತೆತ್ತಿದರೆ ನಮ್ಮವರ ಪರ ಎನ್ನುತ್ತಾರೆ. ಎತ್ತದಿದ್ದರೆ ನಮ್ಮವರೇ ಬಿಡುವುದಿಲ್ಲ. ಏನು ಮಾಡಲಿ?" ಎಂದು ಕೇಳಿದರು. ನಾವು ಉತ್ತರ ಕೊಡಲಿಲ್ಲ. ಕೊಡುವುದು ನಮ್ಮ ಅಧಿಕಾರಕ್ಕೆ ಸೇರಿದ್ದಲ್ಲ. ಸಂತ ತೋಮಾಸ್ ಅಕ್ವೀನರು ಗುರುವನ್ನು ವೈದ್ಯನಿಗೆ ಹೋಲಿಸಿದ್ದಾರೆಂದು ನೆನಪಿಸಿದೆವು. ವೈದ್ಯನು ಆರೋಗ್ಯವನ್ನು ಹೊರಗಿನಿಂದ ಸುರಿಯಲಾರ, ದೇಹದ ಸ್ವಂತ ಶಕ್ತಿಗೆ ನೆರವಾಗಬಲ್ಲ. ಗುರುವೂ ವಿದ್ಯಾರ್ಥಿಯ ಬುದ್ಧಿಗೆ ಹಾಗೆಯೇ.

ಆಕೆ ಮಾಡಿದ್ದಿಷ್ಟು. ಸೆರೆಯಾದವರ ಸಂಖ್ಯೆಯನ್ನು ಬೇರೆ ಬೇರೆ ಮೂಲಗಳು 30,000ದಿಂದ 60,000ದವರೆಗೆ, ಕೆಲವು ಅದಕ್ಕೂ ಹೆಚ್ಚಾಗಿ ಹೇಳುತ್ತವೆ ಎಂದು ಬರೆದರು. ಎರಡನೆಯ ಮೈಸೂರು ಯುದ್ಧದಲ್ಲಿ ಈ ಜನ ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಅದರ ಹಿಂದಿತ್ತೆಂದು ತಿಳಿಸಿದರು. 1791ರಲ್ಲಿ ಮರಾಠ ಸೇನೆಯವರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಟಿಪ್ಪು ಮಠಕ್ಕೆ ನೆರವು ನೀಡಿ ಕನ್ನಡದಲ್ಲಿ ಪತ್ರ ಬರೆದದ್ದು, ಆ ಪತ್ರಗಳನ್ನು 1916ರಲ್ಲಿ ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದದ್ದು, ಇದನ್ನೂ ಪಕ್ಕದಲ್ಲೇ ಬರೆದರು. ಪ್ರತಿಯೊಂದರ ಮುಂದೆಯೂ ಒಂದೇ ಪ್ರಶ್ನೆ: ಇದನ್ನು ಬರೆದವರು ಯಾರು, ಎಂದು, ಯಾರಿಗಾಗಿ? ನಮ್ಮ ಅಬ್ಬೆ ದ್ಯುಬುವಾ ಅವರಿಗೂ ರಿಯಾಯಿತಿ ಸಿಗಲಿಲ್ಲ. ಶ್ರೀರಂಗಪಟ್ಟಣದ ಪತನದ ನಂತರ ಚದುರಿದ ಕ್ರೈಸ್ತರನ್ನು ಒಗ್ಗೂಡಿಸಿದ ಆ ಪುಣ್ಯಾತ್ಮರು ಭಾರತಕ್ಕೆ ಬಂದದ್ದೇ 1792ರಲ್ಲಿ. 1784ನ್ನು ಅವರು ಕೇಳಿ ಬರೆದವರು, ಕಂಡು ಬರೆದವರಲ್ಲ.

"ಹಾಗಾದರೆ ಮಿಸ್, ಅವನು ಒಳ್ಳೆಯವನೋ ಕೆಟ್ಟವನೋ?" ಎಂದಳಂತೆ ಆ ಹುಡುಗಿ. ಸೆರೆಯಲ್ಲಿ ನಡೆದುಹೋದ ತಾಯಿಯೊಬ್ಬಳನ್ನು ಕೇಳಿದರೆ ಏನೆನ್ನುತ್ತಿದ್ದಳು, ಶೃಂಗೇರಿಯ ಸ್ವಾಮಿಗಳನ್ನು ಕೇಳಿದರೆ ಏನೆನ್ನುತ್ತಿದ್ದರು, ಬರೆದುಕೊಂಡು ಬಾ ಎಂದರು ಉಪಾಧ್ಯಾಯಿನಿ. ನಮ್ಮ ಹುಡುಗನಿಗೆ ಇದು ರುಚಿಸಲಿಲ್ಲ. ಎರಡು ದಿನ ಮುಖ ಊದಿಸಿಕೊಂಡಿದ್ದನು. ಮೂರನೆಯ ದಿನ ತನ್ನ ಅಜ್ಜಿ ಹೇಳಿದ್ದನ್ನು ಬರೆದು ತಂದು, ಇದೂ ಆಧಾರವಾಗುತ್ತದೆಯೇ ಎಂದು ಕೇಳಿದನು. ಆಗುತ್ತದೆ, ಅದಕ್ಕೂ ಅದೇ ಪ್ರಶ್ನೆ ಕೇಳಬೇಕು ಎಂಬ ಉತ್ತರ ಸಿಕ್ಕಿತು.

ಆ ವಾರವೇ ಇಬ್ಬರು ತಂದೆಯರು ಶಾಲೆಗೆ ಬಂದರು. ಒಬ್ಬರ ದೂರು ಸೆರೆಯನ್ನು ಹೇಳಿದ್ದಕ್ಕೆ, ಇನ್ನೊಬ್ಬರದು ಶೃಂಗೇರಿಯನ್ನು ಹೇಳಿದ್ದಕ್ಕೆ. ಎರಡನೆಯವರು ನಮ್ಮ ಧರ್ಮಕೇಂದ್ರದವರು.

ಅವರೊಡನೆ ನಾವು ದೀರ್ಘವಾಗಿ ಮಾತನಾಡಿದೆವು. ಪೂರ್ವಿಕರ ನೋವು ಸುಳ್ಳಲ್ಲ. ಅದನ್ನು ಮರೆಯಿರೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ 1784ನ್ನು ಮುಚ್ಚಿಡಬಾರದೆಂದು ಕೇಳುವ ನಾವು 1560ನ್ನೂ ತೆರೆದಿಡಲು ಒಪ್ಪಬೇಕಾಗುತ್ತದೆ. ಆ ವರ್ಷ ಗೋವೆಯಲ್ಲಿ ಸ್ಥಾಪನೆಯಾದ ಇನ್‌ಕ್ವಿಸಿಷನ್ ನ್ಯಾಯಮಂಡಳಿ 1812ರವರೆಗೆ ಉಳಿಯಿತು. ಗೋವೆಯಿಂದ ಕೆನರಾಕ್ಕೆ ವಲಸೆ ಬಂದ ನಮ್ಮ ಪೂರ್ವಿಕರಲ್ಲಿ ಅದರ ಭಯದಿಂದ ಬಂದವರೂ ಇದ್ದರು. ಪೋಪ್ ಹದಿಮೂರನೆಯ ಲಿಯೋ ಅವರು 1881ರಲ್ಲಿ ವ್ಯಾಟಿಕನ್ನಿನ ದಾಖಲೆಗಳನ್ನು ಸಂಶೋಧಕರಿಗೆ ತೆರೆದು, 1883ರ ಪತ್ರದಲ್ಲಿ, ಇತಿಹಾಸ ಬರೆಯುವವರು ಸುಳ್ಳು ಹೇಳಲು ಧೈರ್ಯ ಮಾಡಬಾರದು, ನಿಜ ಹೇಳಲು ಹೆದರಬಾರದು ಎಂಬರ್ಥದ ಹಳೆಯ ನಿಯಮವನ್ನು ಎತ್ತಿಹಿಡಿದರು. ಧರ್ಮಸಭೆ ತನಗೆ ತಾನೇ ಹಾಕಿಕೊಂಡ ನಿಯಮವನ್ನು ಒಬ್ಬ ಬಡ ಉಪಾಧ್ಯಾಯಿನಿ ಪಾಲಿಸಿದರೆ ನಾವು ದೂರು ಕೊಡುವುದೇ? ಆ ತಂದೆ ಒಪ್ಪಿದರೆಂದು ಹೇಳಲಾರೆವು. ದೂರನ್ನಂತೂ ಹಿಂತೆಗೆದುಕೊಂಡರು. ಉಪಾಧ್ಯಾಯಿನಿಯ ಕೆಲಸ ಉಳಿಯಿತು.

ಇದೀಗ ಆಕೆಯ ಎರಡನೆಯ ವರ್ಷ. ಎಂಟನೆಯ ತರಗತಿಗೆ ಇತಿಹಾಸದ ಆಧಾರಗಳನ್ನು ಕುರಿತು ಪಾಠ ಮಾಡಲು, ಐವತ್ತು ವರ್ಷಕ್ಕಿಂತ ಹಳೆಯದಾದ ಮನೆಯ ಕಾಗದಪತ್ರಗಳು ಬೇಕೆಂದು ನಮ್ಮನ್ನು ಕೇಳಿದ್ದಾರೆ: ಬಿನ್ನಿ ಮಿಲ್ಲಿನ ಚೀಟಿ, ಪಡಿತರ ಚೀಟಿ, ಜಮೀನಿನ ಪತ್ರ, ಜ್ಞಾನಸ್ನಾನದ ಪ್ರಮಾಣಪತ್ರ, ಯಾವುದಾದರೂ ಸರಿ. ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುವ ಕುಟುಂಬಗಳು ಭಾನುವಾರದ ಬಲಿಪೂಜೆಯ ನಂತರ ನಮಗೆ ತಲುಪಿಸಬಹುದು. ಜೆರಾಕ್ಸ್ ಪ್ರತಿ ಸಾಕು. ಮೂಲ ಮನೆಯಲ್ಲೇ ಇರಲಿ.