ಮೂರು ತಿಂಗಳ ಗಂಟುಮೂಟೆ

ಕೊನೆಯ ಪರೀಕ್ಷೆ ಬರೆದ 24 ಗಂಟೆಯೊಳಗೆ ಕೋಣೆ ಖಾಲಿ ಮಾಡಬೇಕು. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳ ಹಾಸ್ಟೆಲ್ ನಿಯಮಗಳಲ್ಲಿ ಈ ಮಾತು ಇದ್ದೇ ಇರುತ್ತದೆ. ಮೇ ತಿಂಗಳು ಬಂತೆಂದರೆ ಆ ಕಟ್ಟಡಗಳ ಓಣಿಗಳ ತುಂಬ ರಟ್ಟಿನ ಪೆಟ್ಟಿಗೆ, ಪುಟ್ಟ ಫ್ರಿಜ್ಜು, ಟೇಬಲ್ ಫ್ಯಾನು, ಸುತ್ತಿಟ್ಟ ಹೊದಿಕೆ. ಅಪ್ಪ ಅಮ್ಮ ಕಾರು ತಂದರೆ ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ದೂರದಿಂದ ಬಂದವರಿಗೆ, ಅದರಲ್ಲೂ ಎರಡು ಸೂಟ್‌ಕೇಸ್ ಹಿಡಿದು ವಿಮಾನ ಹತ್ತಬೇಕಾದವರಿಗೆ, ಆಗಸ್ಟ್‌ವರೆಗೆ ಇದನ್ನೆಲ್ಲ ಎಲ್ಲಿಡುವುದು ಎಂಬುದು ಪರೀಕ್ಷೆಯಷ್ಟೇ ದೊಡ್ಡ ಚಿಂತೆ. ಈ ಚಿಂತೆಯನ್ನೇ ನಂಬಿ ಇಂದು ಒಂದು ವ್ಯಾಪಾರ ಬೆಳೆದಿದೆ. ಆದರೆ ಈ ಭಾರ ಪೂರ್ತಿಯಾಗಿ ವಿದ್ಯಾರ್ಥಿಯ ಹೆಗಲಿಗೆ ಬಿದ್ದದ್ದು ಈಚೆಗೆ. ಹಿಂದೆ ಅದನ್ನು ಹೊರಲು ಬೇರೆಯವರೂ ಇದ್ದರು.

ಮೊದಲು ಹೊತ್ತವನು ಅಂಗಡಿಯವನು. ಫ್ರಾನ್ಸಿಸ್ ಗ್ರೋಸ್ ಎಂಬಾತ 1785ರಲ್ಲಿ ಲಂಡನ್ನಿನಲ್ಲಿ ಬೀದಿಮಾತುಗಳ ನಿಘಂಟೊಂದನ್ನು ಪ್ರಕಟಿಸಿದ. ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿದ್ದ ಒಂದು ರೂಢಿ ಅದರಲ್ಲಿ ದಾಖಲಾಗಿದೆ. ವಿದ್ಯಾರ್ಥಿ ತನ್ನ ಕೋಣೆಗೆಂದು ಕೊಂಡ ಸಾಮಾನನ್ನು ವರ್ಷದೊಳಗೆ ಹಿಂತಿರುಗಿಸಿದರೆ, ಮಾರಿದವನು ಬೆಲೆಯ ಮೂರರಲ್ಲಿ ಎರಡು ಪಾಲನ್ನು ಮರಳಿ ಕೊಡುತ್ತಿದ್ದ. ಉಳಿದ ಒಂದು ಪಾಲು ಅವನ ಲಾಭ. ವಿದ್ಯಾರ್ಥಿಗೆ ಸ್ವಲ್ಪ ನಷ್ಟವೇನೋ ಹೌದು, ಆದರೆ ಊರಿಗೆ ಹೊರಡುವ ದಿನ ಮೇಜು ಕುರ್ಚಿ ಎಲ್ಲಿಡಲಿ ಎಂದು ಪರದಾಡಬೇಕಾಗಿರಲಿಲ್ಲ. ಇಂದಿನ ಬಾಡಿಗೆ ಲೆಕ್ಕಕ್ಕೆ ಹೋಲಿಸಿದರೆ ಅದು ನ್ಯಾಯವಾದ ವ್ಯವಹಾರವೇ ಎಂದು ನನಗೆ ಅನ್ನಿಸುತ್ತದೆ.

ಆಮೇಲೆ ಬಂದದ್ದು ರೈಲು. ಅಮೆರಿಕದ ರೈಲುಗಳಲ್ಲಿ ಒಂದು ಟಿಕೆಟ್ಟಿಗೆ 150 ಪೌಂಡ್, ಅಂದರೆ ಸುಮಾರು 68 ಕಿಲೋ ಸಾಮಾನನ್ನು ಪುಕ್ಕಟೆಯಾಗಿ ಒಯ್ಯುವ ಪದ್ಧತಿ ಬೆಳೆದಿತ್ತು. ಟ್ರಂಕಿಗೊಂದು ಹಿತ್ತಾಳೆ ಬಿಲ್ಲೆ, ಅದೇ ಸಂಖ್ಯೆಯ ಇನ್ನೊಂದು ಬಿಲ್ಲೆ ಪ್ರಯಾಣಿಕನ ಜೇಬಿಗೆ. ಕಾಲೇಜು ಹುಡುಗನೊಂದಿಗೆ ಅವನ ಇಡೀ ಸಾಮಾನೂ ಊರಿಗೆ ಹೋಗಿ ಬರುತ್ತಿತ್ತು.

1913ರ ಜನವರಿ 1ರಂದು ಅಮೆರಿಕದ ಅಂಚೆ ಇಲಾಖೆ ಪಾರ್ಸೆಲ್ ಸೇವೆ ಶುರುಮಾಡಿತು. ರೈತರಿಗೆ ಅನುಕೂಲವಾಗಲೆಂದು ಹೊರಟ ಆ ಸೇವೆಯನ್ನು ಕಾಲೇಜು ಹುಡುಗರೂ ಚೆನ್ನಾಗಿ ಬಳಸಿಕೊಂಡರು. ಕೊಳೆ ಬಟ್ಟೆಯನ್ನು ಪಟ್ಟಿ ಬಿಗಿದ ಗಟ್ಟಿ ಪೆಟ್ಟಿಗೆಯಲ್ಲಿ ತುಂಬಿ ಮನೆಗೆ ಅಂಚೆ ಮಾಡುವುದು; ತಾಯಿ ಒಗೆದು, ಇಸ್ತ್ರಿ ಮಾಡಿ, ಮಡಿಕೆಗಳ ನಡುವೆ ಒಂದಿಷ್ಟು ತಿಂಡಿಯನ್ನೂ ಇಟ್ಟು ಅದೇ ಪೆಟ್ಟಿಗೆಯಲ್ಲಿ ವಾಪಸು ಕಳಿಸುವುದು. ಇದಕ್ಕೆಂದೇ ತಯಾರಾದ ಪೆಟ್ಟಿಗೆಗಳು ದಶಕಗಟ್ಟಲೆ ಮಾರಾಟವಾದವು. ವಿದ್ಯಾರ್ಥಿಯ ಸಾಮಾನು ವರ್ಷವಿಡೀ ಮನೆಗೂ ಕಾಲೇಜಿಗೂ ಓಡಾಡುತ್ತಿದ್ದ ಕಾಲ ಅದು. ಹಾಗಾಗಿ ಮೇ ತಿಂಗಳಿಗೆ ಎಲ್ಲವೂ ಒಟ್ಟಿಗೆ ಬಂದು ಬೀಳುತ್ತಿರಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಎಲ್ಲವೂ ಬದಲಾಯಿತು. ಯುದ್ಧದಿಂದ ಮರಳಿದ ಸೈನಿಕರ ಓದಿನ ಖರ್ಚನ್ನು ಭರಿಸುವ ಕಾಯ್ದೆ 1944ರಲ್ಲಿ ಜಾರಿಗೆ ಬಂದಿತ್ತು. 1947ರ ಹೊತ್ತಿಗೆ ಕಾಲೇಜು ಸೇರಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಈ ಮಾಜಿ ಸೈನಿಕರೇ. ಮುಂದಿನ ವರ್ಷಗಳಲ್ಲಿ ದೊಡ್ಡ ದೊಡ್ಡ ಹಾಸ್ಟೆಲುಗಳು ಎದ್ದವು. ಮಂಚ, ಮೇಜು, ಬೀರು ಎಲ್ಲ ಕಾಲೇಜಿನದೇ ಆಯಿತು. ಅತ್ತ ಪ್ರಯಾಣಿಕರ ರೈಲು ಸೊರಗಿತು. ಅಳಿದುಳಿದ ರೈಲುಗಳನ್ನು 1971ರಲ್ಲಿ ಆಮ್‌ಟ್ರ್ಯಾಕ್ ಎಂಬ ಸಂಸ್ಥೆ ವಹಿಸಿಕೊಂಡಿತು. ಮನೆ ಬಾಗಿಲಿಂದ ಟ್ರಂಕು ಒಯ್ಯುತ್ತಿದ್ದ ರೈಲ್ವೆ ಎಕ್ಸ್‌ಪ್ರೆಸ್ ಏಜೆನ್ಸಿ 1975ರಲ್ಲಿ ಮುಚ್ಚಿಹೋಯಿತು. ಮನೆಯವರ ಹತ್ತಿರ ಕಾರಿರುತ್ತದೆ, ಬಂದು ಒಯ್ಯುತ್ತಾರೆ ಎಂದು ಎಲ್ಲರೂ ಎಣಿಸಿಕೊಂಡರು. ಕಾರಿಲ್ಲದವರಿಗೆ, ದೂರದವರಿಗೆ ಉಳಿದದ್ದು ಹಾಸ್ಟೆಲಿನ ನೆಲಮಾಳಿಗೆ.

ಆ ನೆಲಮಾಳಿಗೆಗಳೂ ಬಹಳ ಕಡೆ ಬಾಗಿಲು ಹಾಕಿದವು. ಬೆಂಕಿ ಸುರಕ್ಷತೆಯ ನಿಯಮ ಒಂದು ಕಾರಣ. ಒದ್ದೆಯಾದ, ಕಳೆದುಹೋದ ಪೆಟ್ಟಿಗೆಗಳ ತಕರಾರು ಇನ್ನೊಂದು. ಕೋಣೆಯಲ್ಲೇ ಬಿಟ್ಟುಹೋಗೋಣವೆಂದರೆ ಅದೂ ಆಗದು. ಬೇಸಿಗೆಯಲ್ಲಿ ಅದೇ ಕೋಣೆಗಳನ್ನು ಸಮ್ಮೇಳನಗಳಿಗೆ, ಶಿಬಿರಗಳಿಗೆ ಬಾಡಿಗೆಗೆ ಕೊಟ್ಟು ವಿಶ್ವವಿದ್ಯಾಲಯಗಳು ಆದಾಯ ನೋಡುತ್ತವೆ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲೂ ಇದೇ ಲೆಕ್ಕ. ಅಲ್ಲಿ ಎಂಟೆಂಟು ವಾರಗಳ ಮೂರು ಅವಧಿ, ಹಾಗಾಗಿ ಎಷ್ಟೋ ವಿದ್ಯಾರ್ಥಿಗಳು ವರ್ಷಕ್ಕೆ ಮೂರು ಸಲ ಗಂಟು ಕಟ್ಟುತ್ತಾರೆ.

ಖಾಲಿಬಿದ್ದ ಈ ಜಾಗಕ್ಕೆ ಬಂದದ್ದು, ವಿದ್ಯಾರ್ಥಿಗಳನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳದೆ ಹುಟ್ಟಿದ ಒಂದು ಉದ್ಯಮ. 1964ರಲ್ಲಿ ಟೆಕ್ಸಸ್‌ನ ಒಡೆಸ್ಸಾದಲ್ಲಿ, ತೈಲಬಾವಿಗಳ ಊರಿನಲ್ಲಿ, ರಸ್ ವಿಲಿಯಮ್ಸ್ ಎಂಬ ವ್ಯಾಪಾರಿ ಸಾಲು ಶೆಡ್ಡುಗಳನ್ನು ಕಟ್ಟಿ ಬಾಡಿಗೆಗೆ ಬಿಟ್ಟ. ನೀವೇ ಇಡಿ, ನೀವೇ ಬೀಗ ಹಾಕಿ, ಬೀಗದಕೈ ನಿಮ್ಮ ಹತ್ತಿರವೇ ಇರಲಿ ಎಂಬುದು ಪದ್ಧತಿ. 1972ರಲ್ಲಿ ಕ್ಯಾಲಿಫೋರ್ನಿಯಾದ ಎಲ್ ಕಹೋನ್‌ನಲ್ಲಿ ಶುರುವಾದ ಪಬ್ಲಿಕ್ ಸ್ಟೋರೇಜ್ ಇದನ್ನು ದೇಶವ್ಯಾಪಿ ಮಾಡಿತು. ಹಾಸ್ಟೆಲ್ ಬಾಗಿಲಿಗೇ ಬಂದು ಪೆಟ್ಟಿಗೆ ಒಯ್ದು, ರಜೆ ಮುಗಿದ ಮೇಲೆ ಹೊಸ ಕೋಣೆಗೆ ತಲುಪಿಸುವ ಕಂಪನಿಗಳು ಅದರ ಮುಂದಿನ ಹಂತ. ಅವುಗಳಲ್ಲಿ ಒಂದಾದ ಕಾಲೇಜ್‌ಬಾಕ್ಸಸ್ ಈಗ ಟ್ರಕ್ ಬಾಡಿಗೆಯ ಹಳೆಯ ಕುಳ ಯೂ-ಹಾಲ್ ಒಡೆತನದಲ್ಲಿದೆ.

ಹಾಸ್ಟೆಲ್ ಬಿಟ್ಟು ಬಾಡಿಗೆ ಮನೆ ಹಿಡಿದವರಿಗೂ ಈ ಚಿಂತೆ ತಪ್ಪಿದ್ದಲ್ಲ. ಬಾಸ್ಟನ್ ನಗರದಲ್ಲಂತೂ ವಿದ್ಯಾರ್ಥಿ ಮನೆಗಳ ಬಾಡಿಗೆ ಕರಾರು ಬಹುಪಾಲು ಸೆಪ್ಟೆಂಬರ್ 1ಕ್ಕೇ ಬದಲಾಗುತ್ತದೆ. ಹಿಂದಿನ ದಿನ ಹಳೆ ಮನೆ ಬಿಟ್ಟು, ಹೊಸ ಮನೆಯ ಕೀಲಿ ಕೈಗೆ ಬರುವ ತನಕ ಸಾಮಾನು ತುಂಬಿದ ಟ್ರಕ್ಕಿನಲ್ಲೇ ರಾತ್ರಿ ಕಳೆಯುವವರಿದ್ದಾರೆ. ಟ್ರಕ್ ಓಡಿಸಿ ರೂಢಿಯಿಲ್ಲದ ಹುಡುಗರು ಚಾರ್ಲ್ಸ್ ನದಿ ದಂಡೆಯ ಸ್ಟಾರೊ ಡ್ರೈವ್‌ಗೆ ನುಗ್ಗಿ, ಅಲ್ಲಿಯ ತಗ್ಗು ಸೇತುವೆಗಳಿಗೆ ಟ್ರಕ್ಕಿನ ಚಾವಣಿ ಬಡಿಸಿಕೊಳ್ಳುವುದು ಪ್ರತಿವರ್ಷದ ಸುದ್ದಿ. ಆಲ್‌ಸ್ಟನ್ ಬಡಾವಣೆಯ ಪಾದಚಾರಿ ದಾರಿಯಲ್ಲಿ ಬಿಟ್ಟುಹೋದ ಸೋಫಾ, ದೀಪ, ಪುಸ್ತಕದ ಗೂಡುಗಳನ್ನು ಜನ ಆರಿಸಿಕೊಳ್ಳುವ ಈ ದಿನಕ್ಕೆ ಅಲ್ಲಿಯವರು ಆಲ್‌ಸ್ಟನ್ ಕ್ರಿಸ್‌ಮಸ್ ಎಂದೇ ಹೆಸರಿಟ್ಟಿದ್ದಾರೆ. ಅಲ್ಲಿ ಬಿದ್ದಿರುವುದರಲ್ಲಿ ಎಷ್ಟೋ ಸಾಮಾನು ಇನ್ನೂ ಬಾಳುವಂಥದ್ದು. ಇಡಲು ಜಾಗ ಸಿಗದ್ದರಿಂದ ಬೀದಿಗೆ ಬಂದದ್ದು.

ನಮ್ಮ ಕಡೆಯ ಮಕ್ಕಳದು ಬೇರೆಯೇ ಪಾಡು. ಎಂ.ಎಸ್. ಓದಲು ಹೋದವರಿಗೆ ಮೊದಲ ಬೇಸಿಗೆಯಲ್ಲಿ ಇನ್ನೆಲ್ಲೋ ಇಂಟರ್ನ್‌ಶಿಪ್ ಸಿಕ್ಕರೆ ಹಬ್ಬ. ಆದರೆ ಎರಡು ಊರಿನ ಬಾಡಿಗೆ ಕಟ್ಟಲಾಗದು, ಇರುವ ಕೋಣೆಯನ್ನು ಬೇರೆಯವರಿಗೆ ಒಳಬಾಡಿಗೆಗೆ ಕೊಟ್ಟು ಹೊರಡಬೇಕು. ಆಗ ಕುಕ್ಕರು, ಇಡ್ಲಿ ತಟ್ಟೆ, ಅಲ್ಲಿಯ 110 ವೋಲ್ಟಿಗೆ ಮಾತ್ರ ಓಡುವ, ಊರಿಗೆ ತಂದರೂ ಕೆಲಸಕ್ಕೆ ಬಾರದ ಮಿಕ್ಸಿ, ದಪ್ಪ ಚಳಿ ಕೋಟು ಎಲ್ಲ ಪೆಟ್ಟಿಗೆ ಸೇರುತ್ತವೆ. ಪೆಟ್ಟಿಗೆ ಸೇರುವುದು ಪರಿಚಯದ ಕನ್ನಡದವರ ಗ್ಯಾರೇಜನ್ನು. "ಆಂಟಿ, ನಾಲ್ಕೇ ಬಾಕ್ಸ್, ಆಗಸ್ಟ್‌ಗೆ ತಗೊಂಡು ಹೋಗ್ತೀನಿ" ಎಂದರೆ ಸಾಕು, ಅಲ್ಲಿ ನೆಲೆಸಿದ ನಮ್ಮ ಜನ ಕಾರು ಆಚೆ ನಿಲ್ಲಿಸಿಯಾದರೂ ಜಾಗ ಮಾಡಿಕೊಡುತ್ತಾರೆ. ಆ ಉಪಕಾರ ದೊಡ್ಡದು. ಆದರೆ ಲಕ್ಷಗಟ್ಟಲೆ ಶುಲ್ಕ ಪಡೆದ ಸಂಸ್ಥೆ ಮಾಡಬೇಕಾದ ಕೆಲಸವನ್ನು ಯಾರದೋ ಗ್ಯಾರೇಜು ಮಾಡುತ್ತಿದೆ.

ಸಂಸ್ಥೆಗಳಿಗೆ ಅದು ಸಾಧ್ಯವಿಲ್ಲವೇ? 2020ರ ಮಾರ್ಚ್ 10ರಂದು ಹಾರ್ವರ್ಡ್ ತನ್ನ ಪದವಿ ವಿದ್ಯಾರ್ಥಿಗಳಿಗೆ 15ನೇ ತಾರೀಖು ಸಂಜೆ 5ರೊಳಗೆ ಹಾಸ್ಟೆಲ್ ಬಿಡಲು ಹೇಳಿತು. ಕೋವಿಡ್ ಕಾರಣಕ್ಕೆ ದೇಶದಾದ್ಯಂತ ಹೀಗೇ ಆಯಿತು. ವಸಂತದ ರಜೆಗೆಂದು ಹೋದವರು ಮರಳಲೇ ಇಲ್ಲ, ಕೋಣೆಗಳು ಹೇಗಿದ್ದವೋ ಹಾಗೇ ಉಳಿದವು. ಆಗ ಹಲವು ವಿಶ್ವವಿದ್ಯಾಲಯಗಳು ತಾವೇ ಆಳುಗಳನ್ನು ಗೊತ್ತುಮಾಡಿ, ಒಂದೊಂದೇ ಕೋಣೆಯ ಸಾಮಾನು ಕಟ್ಟಿಸಿ, ಹೆಸರು ಬರೆಸಿ ಗೋದಾಮಿನಲ್ಲಿ ಇರಿಸಿದವು ಅಥವಾ ಮನೆಗೆ ಕಳಿಸಿದವು. ಮನಸ್ಸು ಮಾಡಿದರೆ ಆಗುವ ಕೆಲಸವೇ ಇದು. ಆಕ್ಸ್‌ಫರ್ಡ್‌ನ ಕೆಲವು ಕಾಲೇಜುಗಳು ಇಂದಿಗೂ ಹೊರದೇಶದ ವಿದ್ಯಾರ್ಥಿಗಳ ಪೆಟ್ಟಿಗೆಗಳಿಗೆಂದು ಸ್ವಲ್ಪ ಜಾಗ ತೆಗೆದಿಟ್ಟಿವೆ. ಈ ವರ್ಷ ಹೊರಡುವವರು ಹಾಸ್ಟೆಲ್ ಕರಾರಿಗೆ ಸಹಿ ಹಾಕುವ ಮೊದಲು, ಬೇಸಿಗೆಯಲ್ಲಿ ಸಾಮಾನಿಗೆ ಜಾಗ ಕೊಡುತ್ತೀರಾ ಎಂದು ಬರಹದಲ್ಲೇ ಕೇಳಲಿ. ಕೇಳುವವರು ಹೆಚ್ಚಿದಷ್ಟೂ ಉತ್ತರ ಕೊಡದೆ ತಪ್ಪಿಸಿಕೊಳ್ಳುವುದು ಅವರಿಗೆ ಕಷ್ಟವಾಗುತ್ತದೆ.